ಪರರಾಜ್ಯದ ರಹದಾರಿ

ಕಳೆದ ಶ್ರಾವಣದ ಒಂದು ಸೋಮವಾರ ನಾವು ಮಹಾಕೂಟಕ್ಕೆ ಹೋಗಿದ್ದೆವು. ಬಾದಾಮಿಯಿಂದ ಮೋಟಾರಿನಲ್ಲಿ ಬರುವವರು ಗುಡ್ಡವನ್ನು ಸುತ್ತಿಕೊಂಡು ಬರುತ್ತಾರೆ. ನಮ್ಮಂಥ ಹಳಬರು ಗುಡ್ಡವನ್ನೇರಿ ಕಾಲುದಾರಿಯಿಂದ ಇಳಿಯುವದು ವಾಡಿಕೆ. ಪುಷ್ಕರಿಣಿಯಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನವನ್ನು ತೀರಿಸಿಕೊಂಡು, ಆಲದ ನೆರಳಿನಲ್ಲಿ ಬುತ್ತಿಯ ಗಂಟನ್ನು ಬಿಚ್ಚಿದ್ದೆವು. ಅಷ್ಟರಲ್ಲಿ ಇಳಕಲ್ಲಿನ ಗೃಹಸ್ಥರೊಬ್ಬರು ನಮ್ಮನ್ನು ಗುರುತಿಸಿ ಬಂದು ಕುಳಿತರು. ಅವರ ಮಗನು ನಮ್ಮ ಶಾಲೆಯಲ್ಲಿ ಕಲಿತವನು. ಈಗ ಸಿಂಗಾಪುರದಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. ತಂದೆತಾಯಿಗಳನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಳ್ಳುವವನಿದ್ದಾನೆಂದು ಆ ಗೃಹಸ್ಥರು ಸಂತೋಷದಿಂದ ಹೇಳಿದರು. ಆಮೇಲೆ ತಮ್ಮ ಸಂಶಯವೊಂದನ್ನು ಮುಂದಿಟ್ಟರು.

“ಅಲ್ಲರೀ ಮಾಸ್ತರ, ಇಪ್ಪತ್ತೈದು ವರ್ಷ ಜೀಪು ಹೊಡದೀನಿ. ಅಲ್ಲಿ ಬಾಡಿಗಿ ಗಾಡಿ ತಗೊಂಡು ಅಡ್ಡಾಡಬೇಕಂತೀನಿ. ಅದಕ್ಕ ಏನೋ ಅಂತರರಾಷ್ಟ್ರೀಯ ಲೈಸನ್ಸು ಬೇಕಂತ. ನೆಟ್ಟಿನ್ಯಾಗ ಒಬ್ಬಾಂವ ಮೂರು ದಿನದಾಗ ಕೊಡತೀನಿ, ಹತ್ತು ವರ್ಷ ನಡೀತದ ಅಂತಾನ. ಆ ನಾಡು ನೋಡಿದರ ಅಂಗೈಯಷ್ಟು ಅದ. ಅಂಥಾ ಸಣ್ಣ ನಾಡಿಗೆ ಇಷ್ಟೆಲ್ಲಾ ಕಾಗದ ಯಾಕರೀ?”

ಪ್ರಶ್ನೆಯು ಸಹಜವಾದದ್ದು. ಈಗ ನಮ್ಮ ಬಾದಾಮಿ ಹುನಗುಂದಗಳಂಥ ಊರುಗಳಿಂದಲೂ ಮಕ್ಕಳು ಪರದೇಶಗಳಲ್ಲಿ ಉದ್ಯೋಗಕ್ಕೆ ನಿಂತಿದ್ದಾರೆ. ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮುಖ ನೋಡುವದಕ್ಕೆಂದೋ ಹಿರಿಯರು ವಿಮಾನವನ್ನೇರುತ್ತಾರೆ. ಇದೇ ವಿಷಯದಲ್ಲಿ ನಾವೇ ಒಮ್ಮೆ ಎಡವಿ, ನಾಚಿಕೆಪಟ್ಟು, ಪಾಠ ಕಲಿತವರು. ಆದುದರಿಂದ ಅಂದು ಆಲದ ಕೆಳಗೆ ಹೇಳಿದ್ದನ್ನು ಇನ್ನಷ್ಟು ವಿಸ್ತರಿಸಿ ಇಲ್ಲಿ ವಾಚಕರ ಮುಂದಿಡುತ್ತೇವೆ.

ಸಣ್ಣ ನಾಡಿಗೆ ಕಾಗದವೇಕೆಂದು ಕೇಳುವವರು ಮೊದಲು ನಮ್ಮ ಸೀಮೆಯ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಇಂದು ಬಾಗಲಕೋಟೆ ಜಿಲ್ಲೆಯೆಂದು ಒಂದೇ ಹೆಸರಿನಿಂದ ಕರೆಯುವ ಈ ನೆಲದಲ್ಲಿ 1948ಕ್ಕಿಂತ ಮೊದಲು ಒಂದೇ ದೊರೆತನವಿರಲಿಲ್ಲ. ಬಾದಾಮಿ, ಹುನಗುಂದ, ಬಾಗಲಕೋಟೆಗಳು ಇಂಗ್ಲಿಷರ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದವು. ಮುಧೋಳವು ಘೋರ್ಪಡೆಯವರ ಸಂಸ್ಥಾನ. ಅದರ ವಿಸ್ತಾರ 368 ಚದರು ಮೈಲು. ಜಮಖಂಡಿಯು ಪಟವರ್ಧನರದು, 524 ಚದರು ಮೈಲು. ನೈರುತ್ಯಕ್ಕೆ ರಾಮದುರ್ಗವು ಭಾವೆಯವರದು. 169 ಚದರು ಮೈಲು. ಬಾಗಲಕೋಟೆಯಿಂದ ಮುಧೋಳದ ಮೇಲೆ ಹಾಯ್ದು ಜಮಖಂಡಿಯನ್ನು ಸೇರುವವನು ಒಂದೇ ದಿನದಲ್ಲಿ ಮೂರು ಸರಕಾರಗಳ ನೆಲವನ್ನು ತುಳಿಯುತ್ತಿದ್ದನು. 1914ರಲ್ಲಿ ಇಂಗ್ಲಿಷ್ ಸರಕಾರವು ಮೋಟಾರು ವಾಹನಗಳ ಕಾಯಿದೆಯನ್ನು ಮಾಡಿತು. ಆದರೆ ಅದು ನಡೆಯುವದು ಇಂಗ್ಲಿಷರ ಗಡಿಯವರೆಗೆ ಮಾತ್ರ. ಗಡಿಯ ಆಚೆಗೆ ಆ ಸಂಸ್ಥಾನದ ಅಪ್ಪಣೆಯೇ ಅಪ್ಪಣೆ.

ಇನ್ನು ಇಳಕಲ್ಲಿನಿಂದ ಮೂಡಲಿಗೆ ಹೊರಟರೆ ಬಲುಬೇಗ ನಿಜಾಮನ ಸೀಮೆಯು ಹತ್ತುತ್ತಿತ್ತು. ಅಲ್ಲಿ ಕರೋಡಗಿರಿಯ ನಾಕೆ. ಅಂದರೆ ಆ ರಾಜ್ಯದ ಸುಂಕದ ಕಟ್ಟೆ. ನಮ್ಮ ಅಜ್ಜನವರು ಸೀರೆಯ ಗಂಟಿನೊಡನೆ ಕುಷ್ಟಗಿಯ ಕಡೆಗೆ ಹೋಗುವಾಗ ಸೊಂಟದಲ್ಲಿ ಎರಡು ಚೀಲಗಳನ್ನು ಕಟ್ಟಿಕೊಳ್ಳುತ್ತಿದ್ದರಂತೆ: ಒಂದರಲ್ಲಿ ಇಂಗ್ಲಿಷರ ಕಲ್ದಾರ ರೂಪಾಯಿ, ಇನ್ನೊಂದರಲ್ಲಿ ನಿಜಾಮನ ಹಾಲಿ ಸಿಕ್ಕಾ. ಆರು ಕಲ್ದಾರಕ್ಕೆ ಸುಮಾರು ಏಳು ಹಾಲಿಯ ಲೆಕ್ಕ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲವೆಂಬ ಗಾದೆಯು ನಮ್ಮವರ ಬಾಯಲ್ಲಿ ಸುಮ್ಮನೆ ನೆಲೆಸಿದ್ದಲ್ಲ. ನೆರೆಯವನ ಭಾಷೆ ನಮ್ಮದೇ, ಬೆಳೆ ನಮ್ಮದೇ, ಬಂಧುಬಳಗವೂ ನಮ್ಮದೇ. ಆದರೂ ನಾಕೆಯನ್ನು ದಾಟಿದ ಮೇಲೆ ಕಾಯಿದೆಯು ಅವನದು. ರಾಜ್ಯವು ಸಣ್ಣದಾದರೆ ಅದರ ಕಾಯಿದೆಯೂ ಸಣ್ಣದಾಗಬೇಕೆಂಬ ನಿಯಮವು ಎಲ್ಲಿಯೂ ಇಲ್ಲ.

ಇಂಥ ದಾಟುವಿಕೆಗೆ ಬೇಕಾದ ಪತ್ರಕ್ಕೆ ನಮ್ಮ ಭಾಷೆಯಲ್ಲಿ ‘ರಹದಾರಿ’ ಎಂಬ ಸೊಗಸಾದ ಶಬ್ದವಿದೆ. ಪಾರಸಿಯಿಂದ ಬಂದರೂ ಮನೆಯ ಮಗನಂತೆ ಕನ್ನಡದಲ್ಲಿ ಬೆಳೆದ ಮಾತು. ವಸ್ತುವಾದರೋ ಇನ್ನೂ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡುವದು ಅವನ ಕೆಲಸ. ಮುದ್ರೆಯಿದ್ದವನು ನಾಡನ್ನು ಹೊಗಬಹುದು, ಹೊರಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣಗಳ ದಂಡ. ಮುದ್ರೆಯು ಸುಳ್ಳಾಗಿದ್ದರೆ ದಂಡವು ಇನ್ನೂ ಹೆಚ್ಚು. ಸುಳ್ಳುಮುದ್ರೆಯನ್ನು ತೋರಿಸಿದವನು ಪರದೇಶದವನಾದರೆ ಎಲ್ಲಕ್ಕಿಂತ ದೊಡ್ಡ ದಂಡ. ಆರ್. ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ ಈ ಗ್ರಂಥವನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟದ್ದು 1909ರಲ್ಲಿ. ಕಾಕತಾಳೀಯವೆಂಬಂತೆ, ಮೋಟಾರು ಗಾಡಿಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವದರ ಬಗ್ಗೆ ಪಾರಿಸಿನಲ್ಲಿ ಮೊದಲನೆಯ ಒಡಂಬಡಿಕೆಯು ಆದದ್ದೂ ಅದೇ 1909ರಲ್ಲಿಯೇ.

ಆ ಒಡಂಬಡಿಕೆಯನ್ನು 1926ರಲ್ಲಿ ತಿದ್ದಿದರು. 1949ರ ಸಪ್ಟೆಂಬರದಲ್ಲಿ ಜಿನೀವಾದಲ್ಲಿ ಹೊಸದೊಂದನ್ನು ಬರೆದರು; 1968ರಲ್ಲಿ ವಿಯೆನ್ನಾದಲ್ಲಿ ಮತ್ತೊಂದಾಯಿತು. ನಮ್ಮ ದೇಶವು ಜಿನೀವಾದ ಒಡಂಬಡಿಕೆಗೆ ಸೇರಿದ್ದು 1962ರಲ್ಲಿ. ನಮ್ಮಲ್ಲಿ ಇಂದು ಕೊಡುವ ಅಂತರರಾಷ್ಟ್ರೀಯ ಚಾಲನಾ ರಹದಾರಿಯು ಅದರ ಪ್ರಕಾರದ್ದು. ಅದು ಬೂದು ಬಣ್ಣದ ಹೊದಿಕೆಯ ಸಣ್ಣ ಪುಸ್ತಿಕೆ. ಅದರಲ್ಲಿ ನಿಮ್ಮ ಹೆಸರು, ಭಾವಚಿತ್ರ, ಯಾವ ವರ್ಗದ ವಾಹನವನ್ನು ನಡೆಸಲು ನೀವು ಅರ್ಹರೆಂಬ ವಿವರ, ಇವು ಹಲವು ಭಾಷೆಗಳಲ್ಲಿ ಇರುತ್ತವೆ.

ಇಲ್ಲಿ ಗೃಹಸ್ಥರು ಒಂದು ಮಾತನ್ನು ಚೆನ್ನಾಗಿ ಮನಗಾಣಬೇಕು. ಈ ಪುಸ್ತಿಕೆಯು ದೊಡ್ಡ ಲೈಸನ್ಸಲ್ಲ. ಅದು ಲೈಸನ್ಸೇ ಅಲ್ಲ. ನಿಮ್ಮ ಊರಿನ ಲೈಸನ್ಸಿನಲ್ಲಿ ಇದ್ದುದನ್ನು ಪರದೇಶದ ಪೋಲೀಸನಿಗೆ ತಿಳಿಯುವಂತೆ ಹೇಳುವ ಭಾಷಾಂತರ ಮಾತ್ರ. ಭಾಷಾಂತರಕ್ಕೆ ಮೂಲವನ್ನು ಮೀರಿದ ಆಯುಷ್ಯವೂ ಇಲ್ಲ, ಅಧಿಕಾರವೂ ಇಲ್ಲ. ಮೂಲದಲ್ಲಿ ದ್ವಿಚಕ್ರಿಗೆ ಮಾತ್ರ ಅಪ್ಪಣೆಯಿದ್ದರೆ ರಹದಾರಿಯಿಂದ ಮೋಟಾರು ನಡೆಸಲು ಬರುವದಿಲ್ಲ. ರಹದಾರಿಯ ಅವಧಿಯು ಒಂದು ವರ್ಷ. ಆದರೆ ಮೂಲ ಲೈಸನ್ಸು ಅದಕ್ಕಿಂತ ಮೊದಲೇ ಮುಗಿದರೆ ರಹದಾರಿಯೂ ಅಂದೇ ಮುಗಿಯುತ್ತದೆ. ನಮ್ಮ ವಯಸ್ಸಿನವರಿಗೆ ಇದು ಮುಖ್ಯ. ಐವತ್ತೈದು ದಾಟಿದವರಿಗೆ ಲೈಸನ್ಸನ್ನು ಐದೈದು ವರ್ಷಗಳಿಗೆ ಮಾತ್ರ ನವೀಕರಿಸುತ್ತಾರಾದ್ದರಿಂದ, ಪ್ರಯಾಣದ ನಡುವೆಯೇ ತಾರೀಖು ತೀರುವ ಸಂಭವ ಹೆಚ್ಚು. ಟಿಕೀಟು ಕೊಳ್ಳುವ ಮುಂಚೆ ಲೈಸನ್ಸಿನ ಮೇಲಿನ ತಾರೀಖನ್ನು ಕನ್ನಡಕ ಹಾಕಿಕೊಂಡು ಓದಿರಿ.

ಪಡೆಯುವ ವಿಧಾನವು ಕಠಿಣವಲ್ಲ. ನೀವು ವಾಸಿಸುವ ಸೀಮೆಯ ಪ್ರಾದೇಶಿಕ ಸಾರಿಗೆ ಕಚೇರಿಯೇ ಇದನ್ನು ಕೊಡುತ್ತದೆ. ಬಾದಾಮಿ, ಹುನಗುಂದ, ಇಳಕಲ್ಲಿನವರಿಗೆ ಕೆಎ-29 ಎಂಬ ಅಂಕಿತದ ಬಾಗಲಕೋಟೆಯ ಕಚೇರಿ. ಜಮಖಂಡಿ ಮುಧೋಳದ ಕಡೆಯವರಿಗೆ ಕೆಎ-48ರ ಜಮಖಂಡಿಯ ಕಚೇರಿ. ಅರ್ಜಿಗೆ 4ಎ ಎಂಬ ನಮೂನೆಯಿದೆ. ಕೇಂದ್ರ ಸರಕಾರದ ‘ಸಾರಥಿ’ ಎಂಬ ಜಾಲದ ಮೂಲಕವೂ ಅರ್ಜಿಯನ್ನು ತುಂಬಬಹುದು; ಈ ಹೆಸರನ್ನಿಟ್ಟವನಿಗೆ ಸಂಸ್ಕೃತದ ರುಚಿ ಇದ್ದಿರಬೇಕು. ಚಾಲ್ತಿಯಲ್ಲಿರುವ ಲೈಸನ್ಸು, ಪಾಸ್‌ಪೋರ್ಟು, ಭಾವಚಿತ್ರ ಇವು ಬೇಕು. ಕೇಂದ್ರದ ನಿಯಮಾವಳಿಯಲ್ಲಿ ಶುಲ್ಕವು 1000 ರೂಪಾಯಿ. ಹಿಂದೆ ವೈದ್ಯರ ಪ್ರಮಾಣಪತ್ರವನ್ನೂ ವೀಸಾವನ್ನೂ ತೋರಿಸಬೇಕಾಗುತ್ತಿತ್ತು. 2021ರ ಜನವರಿಯಲ್ಲಿ ಆ ಕಟ್ಟುಗಳನ್ನು ತೆಗೆದರು. ಪರದೇಶದಲ್ಲಿರುವಾಗಲೇ ಅವಧಿ ಮುಗಿದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣವನ್ನು ಬೇಡುವ ಅನುಕೂಲವನ್ನೂ ಆಗಲೇ ಮಾಡಿದರು. 2022ರ ಆಗಸ್ಟಿನಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಪುಸ್ತಿಕೆಯನ್ನು ಗೊತ್ತುಪಡಿಸಿ, ಮೂಲ ಲೈಸನ್ಸಿಗೆ ಅದನ್ನು ಜೋಡಿಸುವ ಸಂಕೇತ ಚೌಕವನ್ನೂ ಸೇರಿಸಿದರು.

ಹೀಗಿರಲು ಮೂರು ದಿನದಲ್ಲಿ ಮನೆಗೆ ಕಳಿಸುವ, ಹತ್ತು ವರ್ಷ ನಡೆಯುವ ರಹದಾರಿಯೆಂಬುದು ಏನು? ಜಿನೀವಾದ ಕ್ರಮದಲ್ಲಿ ಹತ್ತು ವರ್ಷದ ರಹದಾರಿಯೇ ಇಲ್ಲ. ಸರಕಾರದ ಅಧಿಕಾರವಿಲ್ಲದವನು ಅಚ್ಚು ಹಾಕಿ ಮಾರುವ ಪುಸ್ತಿಕೆಗೆ ಹೊದಿಕೆಯು ಎಷ್ಟು ಚೆಂದವಾಗಿದ್ದರೂ ಬೆಲೆಯಿಲ್ಲ. ಕೌಟಿಲ್ಯನು ಇಂಥದನ್ನು ‘ಕೂಟಮುದ್ರಾ’ ಎಂದನು. ಕೂಟವೆಂದರೆ ಶಿಖರವೂ ಹೌದು, ಕಪಟವೂ ಹೌದು. ನಾವು ಇಳಕಲ್ಲಿನ ಗೃಹಸ್ಥರಿಗೆ, “ಮಹಾಕೂಟದ ಕೂಟವು ಬೇರೆ, ನಿಮ್ಮ ನೆಟ್ಟಿನವನ ಕೂಟವು ಬೇರೆ” ಎಂದೆವು. ಅವರು ನಕ್ಕರು, ಆದರೆ ಮುಂಗಡ ಹಣವನ್ನು ಕೊಟ್ಟಿಲ್ಲವಷ್ಟೇ ಎಂದು ಕೇಳಿದಾಗ ಮುಖವನ್ನು ಪುಷ್ಕರಿಣಿಯ ಕಡೆಗೆ ತಿರುಗಿಸಿದರು.

ಅವರನ್ನು ನಗುವ ಅಧಿಕಾರವು ನಮಗಿಲ್ಲ. ನಮ್ಮ ಕಥೆಯನ್ನು ಹೇಳುತ್ತೇವೆ.

ನಮ್ಮ ಕಿರಿಯ ಮಗಳೂ ಸಿಂಗಾಪುರದಲ್ಲಿಯೇ ಇರುವಳು. 2023ರಲ್ಲಿ ಆಕೆಯ ಚೊಚ್ಚಲ ಹೆರಿಗೆಗೆ ನಾವಿಬ್ಬರೂ ಹೋದೆವು. ಮನೆಯವರಿಗಾದರೋ ಅಲ್ಲಿ ಕೈತುಂಬ ಕೆಲಸ: ಅಂಟಿನುಂಡೆ ಕಟ್ಟುವದು, ಎಣ್ಣೆ ಕಾಯಿಸುವದು, ಹಳೆಯ ಸೀರೆಯನ್ನು ಹರಿದು ದುಪ್ಪಟಿ ಹೊಲಿಯುವದು. ಗಂಡಸಿಗೆ ಏನು ಕೆಲಸ? ಅಳಿಯಂದಿರದು ರಾತ್ರಿಯ ಪಾಳಿ, ಮನೆಯಲ್ಲಿ ಮೋಟಾರಿಲ್ಲ. ನಡುರಾತ್ರಿಯಲ್ಲಿ ಬೇನೆ ಬಂದರೆ ಮಗಳನ್ನು ಆಸ್ಪತ್ರೆಗೆ ನಾವೇ ಒಯ್ಯುವೆವೆಂದು ಹೊರಡುವ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದೆವು. ಬಾಡಿಗೆಯ ಗಾಡಿಯೊಂದನ್ನು ಹದಿನೈದು ದಿನ ಬಾಗಿಲಲ್ಲಿ ನಿಲ್ಲಿಸಿಕೊಳ್ಳಬೇಕೆಂದು ಹಣವನ್ನೂ ಕೂಡಿಸಿದ್ದೆವು. ರಹದಾರಿಯನ್ನೂ ಕ್ರಮವಾಗಿ ಪಡೆದಿದ್ದೆವು. ಆದರೆ ಗಂಟುಮೂಟೆ ಕಟ್ಟುವಾಗ, ಅಂತರರಾಷ್ಟ್ರೀಯವಾದದ್ದೇ ಕೈಯಲ್ಲಿರುವಾಗ ಊರಿನ ಲೈಸನ್ಸಿನ ಹಂಗೇಕೆಂದು ಅದನ್ನು ಮನೆಯ ಕಪಾಟಿನಲ್ಲಿಯೇ ಭದ್ರವಾಗಿ ಇಟ್ಟುಹೋದೆವು. ವಿದ್ವತ್ ಪರೀಕ್ಷೆಯನ್ನು ದಾಟಿದವನಿಗೆ ಪ್ರಥಮಾದ ಪ್ರಮಾಣಪತ್ರವೇಕೆಂದು ತಿಳಿದ ಹಾಗೆ!

ಬಾಡಿಗೆಯ ಅಂಗಡಿಯಲ್ಲಿದ್ದ ತರುಣನು ನಮ್ಮ ಬೂದು ಪುಸ್ತಿಕೆಯನ್ನು ವಿನಯದಿಂದ ತೆಗೆದುಕೊಂಡು ಪುಟ ತಿರುವಿದನು; ಆಮೇಲೆ ಮೂಲ ಲೈಸನ್ಸನ್ನು ಕೇಳಿದನು. ಮೊಬೈಲಿನಲ್ಲಿದ್ದ ಅದರ ಚಿತ್ರವನ್ನು ತೋರಿಸಿದೆವು. ಅವನು ತಲೆಯಲ್ಲಾಡಿಸಿ ಪುಸ್ತಿಕೆಯನ್ನು ಎರಡೂ ಕೈಗಳಿಂದ ಹಿಂದಕ್ಕೆ ಕೊಟ್ಟನು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾವು ಹುಡುಗರಿಗೆ, ಮೂಲವನ್ನು ಬಿಟ್ಟು ಬರಿಯ ಟೀಕೆಯನ್ನು ಓದುವವನು ಪಂಡಿತನಾಗಲಾರನೆಂದು ಗದರಿಸಿಕೊಂಡು ಬಂದವರು. ಅಂದು ಆ ಮಾತನ್ನೇ ಮೊಮ್ಮಗನ ವಯಸ್ಸಿನ ಗುಮಾಸ್ತನೊಬ್ಬನು ಗದರಿಸದೆಯೇ ನಮಗೆ ತಿಳಿಸಿದನು. ಜೊತೆಗೆ ಬಂದ ಅಳಿಯಂದಿರು ಏನೂ ಆಡಲಿಲ್ಲ. ಆ ಮೌನವೇ ನಮಗೆ ಭಾರವಾಯಿತು. ಮಗಳು ಮಾತ್ರ, “ಅಪ್ಪಾ, ನೀವು ಬಂದದ್ದ ಸಾಕು. ಗಾಡಿ ಯಾಕ ಬೇಕು?” ಎಂದಳು. ಅವಳು ಸಮಾಧಾನಕ್ಕಾಗಿ ಅಂದದ್ದು. ನಮಗೆ ನಾವು ಬಂದೂ ನಿರುಪಯೋಗಿಗಳೆಂಬ ವ್ಯಥೆಯುಂಟಾಯಿತು.

ಹನ್ನೆರಡನೆಯ ರಾತ್ರಿ ಎರಡು ಗಂಟೆಯ ಸುಮಾರಿಗೆ ಬೇನೆ ಆರಂಭವಾಯಿತು. ಅಳಿಯಂದಿರು ಕೆಲಸದಲ್ಲಿದ್ದರು. ಮಗಳು ತಾನೇ ಮೊಬೈಲಿನಲ್ಲಿ ಟ್ಯಾಕ್ಸಿಯನ್ನು ಕರೆದಳು. ಹತ್ತು ನಿಮಿಷದಲ್ಲಿ ಅದು ಕೆಳಗೆ ಬಂದು ನಿಂತಿತು. ನಡೆಸುವವನು ನಮ್ಮ ವಯಸ್ಸಿನ ಚೀನೀ ಗೃಹಸ್ಥನು. ಮಗಳ ಮುಖವನ್ನು ನೋಡಿದವನೇ ಒಂದು ಮಾತನ್ನೂ ಕೇಳದೆ ಹೊರಟನು. ದೊಡ್ಡ ರಸ್ತೆಗಳು ಒಂದರ ಮೇಲೊಂದು ಹಾಯುವ ಕಡೆಯಲ್ಲಿ ಯಾವ ಕವಲನ್ನು ಹಿಡಿಯಬೇಕೆಂಬುದು ನಮಗೆ ಹಗಲಿನಲ್ಲಿಯೂ ತಿಳಿಯುತ್ತಿರಲಿಲ್ಲ; ಅವನಿಗೆ ಅದು ಅಂಗೈಯ ರೇಖೆ. ಆಸ್ಪತ್ರೆಯ ಮುಂಬಾಗಿಲಿಗೆ ಹೋಗದೆ, ರಾತ್ರಿ ತೆರೆದಿರುವ ಹಿಂದಿನ ಬಾಗಿಲಿಗೇ ಒಯ್ದು ನಿಲ್ಲಿಸಿದನು. ನಾವು ಹಿಂದೆ ಕುಳಿತು ಮಗಳ ಕೈಯನ್ನು ಹಿಡಿದುಕೊಂಡಿದ್ದೆವು. ಬೆಳಗಾಗುವಷ್ಟರಲ್ಲಿ ಹೆಣ್ಣು ಮಗುವಾಯಿತು.

ಆ ಮಗುವನ್ನು ಎತ್ತಿಕೊಂಡಾಗ ನಮಗೆ ಹೊಳೆದದ್ದು ಇದು. ಗುಮಾಸ್ತನು ಅಂದು ಕೀಲಿಯನ್ನು ಕೊಟ್ಟಿದ್ದರೆ ಏನಾಗುತ್ತಿತ್ತು? ಬಾದಾಮಿಯ ರಸ್ತೆಗಳಲ್ಲಿ ಪಳಗಿದ ಅರುವತ್ತರ ಸಮೀಪದ ಮನುಷ್ಯನು, ನಡುರಾತ್ರಿಯಲ್ಲಿ, ಗುರುತಿಲ್ಲದ ಊರಿನಲ್ಲಿ, ಬೇನೆತಿನ್ನುವ ಮಗಳನ್ನು ಹಿಂದೆ ಕೂಡಿಸಿಕೊಂಡು ಮೋಟಾರು ನಡೆಸುತ್ತಿದ್ದನು. ಅವನ ಕೈ ಚಕ್ರದ ಮೇಲಿರುತ್ತಿತ್ತು, ಮಗಳ ಕೈ ಯಾರದೂ ಇಲ್ಲದೆ ಇರುತ್ತಿತ್ತು. ಮೇಲಾಗಿ ಕಾಗದವು ಅಪೂರ್ಣವಾಗಿರುವಾಗ ಅಪಘಾತವಾದರೆ ವಿಮೆಯವರು ಕೈಬಿಡಬಹುದು. ಆ ಋಣವು ಮಗಳ ಸಂಸಾರದ ಮೇಲೆ ಬೀಳುತ್ತಿತ್ತು. ನಮ್ಮನ್ನು ತಡೆದ ಕಾಯಿದೆಯು ನಮ್ಮನ್ನು ಕಾಪಾಡಿದ ಕಾಯಿದೆಯೂ ಆಯಿತು.

ಈಗ ಸಣ್ಣ ನಾಡಿನ ರಸ್ತೆಯ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಸಿಂಗಾಪುರದ ವಿಸ್ತಾರವು ಸುಮಾರು 735 ಚದರು ಕಿಲೋಮೀಟರು. ನಮ್ಮ ಹಳೆಯ ಮುಧೋಳ ಸಂಸ್ಥಾನವು ಇದೇ ಲೆಕ್ಕದಲ್ಲಿ 950ಕ್ಕೂ ಹೆಚ್ಚು. ರಾಮದುರ್ಗವು ಸುಮಾರು 440. ಅಂದರೆ ಜಗತ್ತೇ ಹೆಸರು ಬಲ್ಲ ಆ ರಾಜ್ಯವು ರಾಮದುರ್ಗಕ್ಕಿಂತ ದೊಡ್ಡದು, ಮುಧೋಳಕ್ಕಿಂತ ಚಿಕ್ಕದು. ಅಷ್ಟು ನೆಲದಲ್ಲಿ ಅರುವತ್ತು ಲಕ್ಷದಷ್ಟು ಜನರು ಬಾಳಬೇಕು. ನೆಲವು ಸಣ್ಣದಾದಷ್ಟೂ ಪ್ರತಿಯೊಂದು ಮೊಳಕ್ಕೂ ಬೆಲೆ ಹೆಚ್ಚು. ಬೆಲೆ ಹೆಚ್ಚಾದಷ್ಟೂ ಕಾಯಿದೆ ಬಿಗಿ. ಸಣ್ಣ ನಾಡಿಗೆ ಇಷ್ಟೆಲ್ಲ ಕಾಗದವೇಕೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ.

ಆ ನಾಡಿನವರು ಪೇಟೆಯ ನಡುಭಾಗಕ್ಕೆ ಮೋಟಾರು ತರುವವರಿಂದ 1975ರಲ್ಲಿಯೇ ಹಣ ಪಡೆಯತೊಡಗಿದರು. 1998ರಿಂದ ಆ ಸುಂಕದವನು ಮನುಷ್ಯನಾಗಿ ಉಳಿದಿಲ್ಲ; ರಸ್ತೆಯ ಮೇಲಣ ಕಮಾನು ಗಾಡಿಯೊಳಗಿನ ಯಂತ್ರದೊಡನೆ ತಾನೇ ಲೆಕ್ಕ ಮಾಡಿಕೊಳ್ಳುತ್ತದೆ. ಅವನ ಮುಂದೆ ಸುಖದುಃಖ ಹೇಳಿಕೊಳ್ಳುವ ಅವಕಾಶವೂ ಹೋಯಿತು! ಗಾಡಿಯನ್ನು ನಿಲ್ಲಿಸುವದಕ್ಕೂ ಹಣ. ಬಸ್ಸುಗಳಿಗೆಂದು ಗೆರೆಯೆಳೆದ ದಾರಿಯಲ್ಲಿ ಗೊತ್ತಾದ ವೇಳೆಯಲ್ಲಿ ಇತರರು ಹೋಗಬಾರದು. ಬೇರೆ ಫಲಕವಿಲ್ಲದ ಕಡೆ ಗಂಟೆಗೆ 50 ಕಿಲೋಮೀಟರಿಗಿಂತ ವೇಗ ಸಲ್ಲದು. ನಮ್ಮಂತೆಯೇ ರಸ್ತೆಯ ಎಡಕ್ಕೆ ನಡೆಯುವ ನಾಡೆಂಬುದೊಂದು ಅನುಕೂಲ. ಕೆಲವು ಕಾಲಕ್ಕೆ ಹೋದ ಪ್ರವಾಸಿಗನು ತನ್ನ ಊರಿನ ಲೈಸನ್ಸು, ಅಂತರರಾಷ್ಟ್ರೀಯ ರಹದಾರಿ ಎರಡನ್ನೂ ಇಟ್ಟುಕೊಂಡು ನಡೆಸಬಹುದು. ಅಲ್ಲಿಯೇ ನೆಲೆಸಿದವನಿಗೆ ಹನ್ನೆರಡು ತಿಂಗಳ ಮೇಲೆ ಇವು ಸಾಲವು, ಅಲ್ಲಿಯ ಪರೀಕ್ಷೆ ಕೊಟ್ಟು ಅಲ್ಲಿಯ ಲೈಸನ್ಸನ್ನೇ ಪಡೆಯಬೇಕು.

ಸಣ್ಣ ರಾಜ್ಯದಲ್ಲಿ ಇನ್ನೊಂದು ವಿಶೇಷವಿದೆ: ಗಡಿಯು ಎಂದೂ ದೂರವಿರುವದಿಲ್ಲ. ಸಿಂಗಾಪುರದಿಂದ ಕಡಲ ಮೇಲಣ ಸೇತುದಾರಿಯನ್ನು ದಾಟಿದರೆ ಮಲೇಶಿಯಾ. ಬಾಡಿಗೆಯ ಗಾಡಿಯನ್ನು ಆ ಕಡೆಗೆ ಒಯ್ಯಲು ಮಾಲಿಕನ ಅಪ್ಪಣೆ ಬೇರೆ, ವಿಮೆಯೂ ಬೇರೆ. ಯುರೋಪಿನಲ್ಲಿ ಲೀಖ್ಟೆನ್‌ಸ್ಟೈನ್ ಎಂಬ ಸಂಸ್ಥಾನವಿದೆ. 160 ಚದರು ಕಿಲೋಮೀಟರು, ನಮ್ಮ ಹಳೆಯ ಸವಣೂರು ಸಂಸ್ಥಾನಕ್ಕಿಂತ ತುಸು ಚಿಕ್ಕದು. ಅಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಟವನು ಸಂಜೆಯೊಳಗೆ ಸ್ವಿಟ್ಜರ್‌ಲಂಡ ಆಸ್ಟ್ರಿಯಾಗಳೆರಡನ್ನೂ ಮುಟ್ಟಬಹುದು. ಸಾನ್ ಮರೀನೋ 61 ಚದರು ಕಿಲೋಮೀಟರು. ಅದರ ಸುತ್ತ ಎಲ್ಲ ಕಡೆಯೂ ಇಟಲಿ. ಮೊನಾಕೋ ಎರಡು ಚದರು ಕಿಲೋಮೀಟರಿನಷ್ಟು. ಗುಡ್ಡದ ಮೇಲಿನ ಅದರ ಹಳೆಯ ಊರಿನೊಳಕ್ಕೆ ಹೊರಗಿನ ಪ್ರವಾಸಿಗರ ಗಾಡಿಗಳನ್ನು ಬಿಡುವದಿಲ್ಲ. ಕೆಳಗಿನಿಂದ ಮೇಲಿನ ಬೀದಿಗೆ ಏರಲು ಸಾರ್ವಜನಿಕರಿಗಾಗಿ ಎತ್ತುಯಂತ್ರಗಳನ್ನೇ ಇಟ್ಟಿದ್ದಾರೆ. ಆದುದರಿಂದ ಸಣ್ಣ ರಾಜ್ಯಕ್ಕೆ ಹೋಗುವವನು ಆ ರಾಜ್ಯದ ನಿಯಮದೊಡನೆ ಅದರ ನೆರೆಯವನ ನಿಯಮವನ್ನೂ ತಿಳಿದುಕೊಂಡೇ ಹೊರಡಬೇಕು. ದೇಶದಿಂದ ದೇಶಕ್ಕೆ ಒಡಂಬಡಿಕೆಗಳು ಬೇರೆಬೇರೆ. ಚೀನಾದ ಮುಖ್ಯಭೂಮಿಯಲ್ಲಿ ಈ ರಹದಾರಿಯು ನಡೆಯುವದೇ ಇಲ್ಲ.

ಇಷ್ಟಾದ ಮೇಲೂ ಮೋಟಾರು ಬೇಕೇ ಎಂದರೆ, ಸಣ್ಣ ನಾಡಿನಲ್ಲಿ ಬಹುಮಟ್ಟಿಗೆ ಬೇಡವೆಂಬುದೇ ನಮ್ಮ ಅನುಭವ. ಸಿಂಗಾಪುರದಲ್ಲಿ 1987ರಿಂದ ನಗರದ ರೈಲು ಓಡುತ್ತಿದೆ; ಅದು ಮುಟ್ಟದ ಕಡೆಗೆ ಬಸ್ಸು. ಹಣ ತುಂಬಿದ ಒಂದು ಚೀಟಿಯನ್ನು ಹತ್ತುವಾಗಲೂ ಇಳಿಯುವಾಗಲೂ ಯಂತ್ರಕ್ಕೆ ತಾಕಿಸಿದರಾಯಿತು. ಇಳಿಯುವಾಗ ಮರೆತರೆ ಹೆಚ್ಚಿನ ಹಣ ಕಡಿದುಹೋಗುತ್ತದೆ. ರೈಲಿನಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ಬುತ್ತಿಯ ಗಂಟನ್ನು ಬಿಚ್ಚುವ ನಮ್ಮ ರೂಢಿಯನ್ನು ಅಲ್ಲಿ ಬಿಡಬೇಕು. ಆಪತ್ತಿನಲ್ಲಿ ಆಂಬುಲೆನ್ಸಿಗಾಗಿ 995. ಕೂಸನ್ನು ಆಸ್ಪತ್ರೆಯಿಂದ ಮನೆಗೆ ತರುವವರು ಇದನ್ನೂ ನೆನಪಿಡಲಿ: 1.35 ಮೀಟರಿಗಿಂತ ಗಿಡ್ಡರಾದ ಮಕ್ಕಳಿಗೆ ಮೋಟಾರಿನಲ್ಲಿ ಅವರಿಗೆ ತಕ್ಕ ಪಟ್ಟಿಯ ಆಸನವು ಕಡ್ಡಾಯ. ಟ್ಯಾಕ್ಸಿಗಳಿಗೆ ಇದರಿಂದ ವಿನಾಯಿತಿಯುಂಟು, ಖಾಸಗಿ ಬಾಡಿಗೆಯ ಕಾರುಗಳಿಗಿಲ್ಲ. ಅಜ್ಜಿಯ ತೊಡೆಯೇ ಸಾಕೆಂಬ ವಾದವನ್ನು ಆ ಪೋಲೀಸರು ಒಪ್ಪುವದಿಲ್ಲ.

ಉಳಿದ ಐದು ವಾರ ನಾವು ಅಲ್ಲಿ ಕಾಲ್ನಡಿಗೆಯಿಂದಲೂ ರೈಲಿನಿಂದಲೂ ತಿರುಗಿದೆವು. ಬೆಳಿಗ್ಗೆ ಸರಂಗೂನ್ ರಸ್ತೆಗೆ ಹೋಗಿ ಮೆಂತ್ಯೆಸೊಪ್ಪು, ಸಬ್ಬಸಿಗೆಗಳನ್ನು ತರುವದು ನಮ್ಮ ಪಾಲಿನ ಉದ್ಯೋಗವಾಯಿತು. ಮೂರನೆಯ ದಿನಕ್ಕೆ ಅಂಗಡಿಯವನು ಹೆಸರು ಕೇಳಿದನು. ಐದನೆಯ ದಿನಕ್ಕೆ ರೈಲಿನಲ್ಲಿ ಹಾಸನದ ಕಡೆಯ ದಂಪತಿಗಳು ನಮ್ಮ ಮಾತನ್ನು ಕೇಳಿ ಎದ್ದು ಬಂದರು. ಮೋಟಾರಿನ ಗಾಜಿನೊಳಗೆ ಕುಳಿತಿದ್ದರೆ ಇವರಲ್ಲಿ ಒಬ್ಬರೂ ನಮಗೆ ದೊರೆಯುತ್ತಿರಲಿಲ್ಲ. ನಿರುಪಯೋಗಿಗಳೆಂಬ ವ್ಯಥೆಯೂ ಸೊಪ್ಪಿನ ಚೀಲದೊಡನೆ ಮೆಲ್ಲನೆ ಇಳಿದುಹೋಯಿತು.

ಮಹಾಕೂಟದಲ್ಲಿ ಚಾಲುಕ್ಯ ಮಂಗಲೇಶನು ಕ್ರಿ.ಶ. 602ರಲ್ಲಿ ನಿಲ್ಲಿಸಿದ ಶಿಲಾಸ್ತಂಭವಿತ್ತು. ಈಗ ಅದು ವಿಜಾಪುರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸಂಸ್ಕೃತ ಶಾಸನವು ಆ ಮನೆತನದ ದಿಗ್ವಿಜಯಗಳನ್ನು ಕೊಂಡಾಡುತ್ತದೆ. ಮಕುಟೇಶ್ವರನಿಗೆ ಬಿಟ್ಟ ಹಳ್ಳಿಗಳನ್ನೂ ಹೇಳುತ್ತದೆ. ಗೆಲ್ಲಲು ಹೊರಟ ಅರಸನು ಯಾರ ಅಪ್ಪಣೆಯನ್ನೂ ಕೇಳುವವನಲ್ಲ. ಅದೇ ಸ್ಥಳಕ್ಕೆ ಶತಮಾನಗಳಿಂದ ಬರುತ್ತಿರುವ ಯಾತ್ರಿಕನಾದರೋ ಕಾಲ್ಮರಿಗಳನ್ನು ಹೊರಗೆ ಬಿಟ್ಟು, ಕೈಕಾಲು ತೊಳೆದು, ಸ್ಥಳದ ಪದ್ಧತಿಯನ್ನು ಕೇಳಿ ತಿಳಿದು ಒಳಗೆ ಹೋಗುತ್ತಾನೆ. ಮಕ್ಕಳ ನಾಡಿಗೆ ಹೋಗುವ ನಾವು ಯಾತ್ರಿಕರೇ ಹೊರತು ಅರಸರಲ್ಲ. ಕ್ರಮವಾದ ಕಾಗದವನ್ನು ಹಿಡಿದು ಹೋಗುವದೂ, ಕೈ ಸಾಗದ ಕೆಲಸಕ್ಕೆ ಕೈ ಹಾಕದೆ ಇರುವದೂ ಅತಿಥಿಯ ಧರ್ಮ.

ಅಂದು ಇಳಕಲ್ಲಿನ ಗೃಹಸ್ಥರಿಗೆ ನಾವು ಕೊನೆಯಲ್ಲಿ ಮೂರೇ ಮಾತುಗಳನ್ನು ಹೇಳಿದೆವು: ರಹದಾರಿಯನ್ನು ಬಾಗಲಕೋಟೆಯ ಕಚೇರಿಯಲ್ಲಿಯೇ ಪಡೆಯಿರಿ, ಮೂಲ ಲೈಸನ್ಸನ್ನು ಪಾಸ್‌ಪೋರ್ಟಿನ ಸಂಗಡವೇ ಇಡಿರಿ, ಎರಡನ್ನೂ ಇಟ್ಟುಕೊಂಡು ಮೊದಲ ಹದಿನೈದು ದಿನ ರೈಲಿನಲ್ಲಿ ತಿರುಗಿ, ರಸ್ತೆಯನ್ನು ನೋಡಿದ ಮೇಲೆ ಗಾಡಿಯ ವಿಚಾರವನ್ನು ಮಾಡಿರಿ. ದೀಪಾವಳಿಯ ಹೊತ್ತಿಗೆ ಅವರಿಂದ ಫೋನು ಬಂದಿತು. ರಹದಾರಿಯು ಪೆಟ್ಟಿಗೆಯಲ್ಲಿಯೇ ಉಳಿಯಿತೆಂದೂ, ಸೊಸೆಯ ಸಂಗಡ ದಿನಾಲು ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಊರು ನೋಡುತ್ತಿರುವೆನೆಂದೂ ಹೇಳಿದರು. ನೆಟ್ಟಿನವನಿಗೆ ಕೊಟ್ಟ ಮುಂಗಡವು ಮಾತ್ರ ತಿರುಗಿ ಬರಲಿಲ್ಲವಂತೆ.